ಬಲಗಡೆ ಉಳಿದ ಐದಡಿ

ನಮ್ಮೂರ ಆಸ್ಪತ್ರೆಗೆ ಡಾಕ್ಟರ್ ಬರುತ್ತಾರೆ ಎಂದು ಹದಿನಾಲ್ಕು ತಿಂಗಳು ಹೇಳಿದರು. ಯಾರೂ ನಂಬಲಿಲ್ಲ. ಒಂದು ದಿನ ಡಾಕ್ಟರ್ ನಿಜವಾಗಿಯೂ ಬಂದೇಬಿಟ್ಟರು. ಆಗ ಎಲ್ಲರಿಗೂ ಅನುಮಾನ ಶುರುವಾಯಿತು.

ಅನುಮಾನ ಪಡಲು ನಮ್ಮೂರಿಗೆ ಹಕ್ಕಿತ್ತು. ಹಿಂದೆ ಬಂದ ಡಾಕ್ಟರುಗಳಲ್ಲಿ ಒಬ್ಬರು ಕ್ವಾರ್ಟರ್ಸಿನ ಬಾಗಿಲು ತೆಗೆದು ಒಳಗೆ ಇಣುಕಿ, ಸಾಮಾನಿನ ವ್ಯಾನಿನಿಂದ ಒಂದು ಬಕೆಟ್ಟನ್ನೂ ಇಳಿಸದೆ ಅದೇ ವ್ಯಾನಿನಲ್ಲಿ ಹಿಂದಿರುಗಿದ್ದರು. ಇನ್ನೊಬ್ಬರು ಊಟ ಮುಗಿಸಿ ಕೈ ತೊಳೆಯಲು ಹೋದವರು ಇವತ್ತಿಗೂ ತೊಳೆಯುತ್ತಿದ್ದಾರೆ. ಮೂರನೆಯವರು ಫೋನಿನಲ್ಲೇ ಕೆಲಸಕ್ಕೆ ಸೇರಿ ಫೋನಿನಲ್ಲೇ ರಾಜೀನಾಮೆ ಕೊಟ್ಟರು. ಆಮೇಲೆ ಕಾಂಪೌಂಡರ್ ಒಬ್ಬರೇ ಒಂದು ಕೆಂಪು ಟಾನಿಕ್, ಒಂದು ಹಳದಿ ಮುಲಾಮು ಇಟ್ಟುಕೊಂಡು ಊರನ್ನು ಬದುಕಿಸಿದರು. ನೋವು ಒಳಗಿದ್ದರೆ ಟಾನಿಕ್, ಹೊರಗಿದ್ದರೆ ಮುಲಾಮು. ಎಲ್ಲಿದೆ ಎಂದು ತಿಳಿಯದಿದ್ದರೆ ನಲವತ್ತು ಕಿಲೋಮೀಟರ್ ದೂರದ ನಗರ. ನಗರಕ್ಕೆ ಹೋದವರು ಕಾಯಿಲೆಯನ್ನೂ ಕೈಯಲ್ಲಿದ್ದದ್ದನ್ನೂ ಒಟ್ಟಿಗೆ ಕಳೆದುಕೊಂಡು ಬರುತ್ತಿದ್ದರು. ಕೆಲವರು ಎರಡನೆಯದನ್ನು ಮಾತ್ರ.

ಹೀಗಿರುವಾಗ ಈ ಡಾಕ್ಟರ್ ಬಸ್ಸಿನಲ್ಲಿ ಬಂದಿಳಿದರು. ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ಒಂದೇ ಸೂಟ್‌ಕೇಸು. ಅದನ್ನು ತಾವೇ ಹೊತ್ತಿದ್ದರು. ಆಸ್ಪತ್ರೆಯ ಎದುರು ಮನೆಯೇ ನಮ್ಮದಾದ್ದರಿಂದ, ಅನುಮಾನ ಪಡುವವರೆಲ್ಲ ನಮ್ಮ ಮೆಟ್ಟಿಲ ಮೇಲೆ ಕೂತು ಪಡುವ ರೂಢಿಯಿತ್ತು. ನಾನು ಕಿಟಕಿಯ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

"ಸಂಬಳ ಎಷ್ಟಂತ್ರೀ ಆಕೆಗೆ?" ಎಂದು ಕೇಳಿದವರು ನನ್ನ ಮಾವ, ಅಂದರೆ ಅಮ್ಮನ ತಮ್ಮ.

ಕಾಂಪೌಂಡರ್ ಅತ್ತಿತ್ತ ನೋಡಿ ಮಾವನ ಕಿವಿಯಲ್ಲಿ ಹೇಳಿದರು.

"ವಾರಕ್ಕಾ?"

"ತಿಂಗಳಿಗೆ ಸ್ವಾಮಿ."

ಮಾವ ಎದ್ದೇ ನಿಂತರು. "ನೆಲಕ್ಕೆ ಟೈಲ್ಸ್ ಹಾಕೋ ಮೇಸ್ತ್ರಿ ಅದಕ್ಕಿಂತ ಜಾಸ್ತಿ ದುಡೀತಾನಲ್ರೀ! ಭಾವ, ಕೇಳಿದ್ರಾ? ಇಷ್ಟಕ್ಕೆ ಇಲ್ಲಿಗೆ ಒಬ್ಬ ಡಾಕ್ಟರ್ ಬರ್ತಾರೆ ಅಂದ್ರೆ ಏನೋ ಇದೆ."

"ಏನಿರುತ್ತೋ?" ಎಂದರು ಅಪ್ಪ.

"ಯಾರನ್ನೋ ಕೊಂದು ಬಂದಿರ್ಬೇಕು," ಎಂದಿತು ಮೂಲೆಮನೆ ಅಜ್ಜಿ.

"ಅಯ್ಯೋ, ಏನಜ್ಜಿ ಹಾಗಂತೀರಿ!"

"ಬೇಕಂತ ಅಲ್ಲ ಕಣಪ್ಪ. ಕೈತಪ್ಪಿ."

ಇದು ಎಲ್ಲರಿಗೂ ನ್ಯಾಯವಾಗಿ ಕಂಡಿತು.

ನಮ್ಮಪ್ಪ ಬೋರ್ಡು ಬರೆಯುವವರು. ಮೂವತ್ತು ವರ್ಷಗಳಿಂದ ಈ ಊರಿನ ಅಂಗಡಿ, ಶಾಲೆ, ಕಚೇರಿಗಳ ಹಣೆಬರಹ ಬರೆದವರು ಅವರೇ. ಅಪ್ಪ ಗೆರೆ ಎಳೆಯುತ್ತಾರೆ, ನಾನು ಒಳಗೆ ಬಣ್ಣ ತುಂಬುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಕಲಿತ ಅಕ್ಷರಗಳೆಲ್ಲ ಅಂಗೈಯಷ್ಟು ದೊಡ್ಡವು. ಅಪ್ಪನಿಗೆ ಕೂಲಿ ಅಕ್ಷರಕ್ಕೆ ಇಷ್ಟು ಎಂದು. ಬರೆಯುವುದು ಮನೆಯಲ್ಲೇ, ಒಣಗಿಸುವುದು ಅಡುಗೆಮನೆಯಲ್ಲಿ, ಯಾಕೆಂದರೆ ಅಲ್ಲಿ ಧೂಳಿಲ್ಲ.

ಬಂದ ನಾಲ್ಕನೇ ದಿನ ಡಾಕ್ಟರ್ ನಮ್ಮ ಮನೆಗೆ ಬಂದು ಒಂದು ಚೀಟಿ ಕೊಟ್ಟರು. ಅದರಲ್ಲಿ ಅವರ ಹೆಸರು, ಮೂರಕ್ಷರ. ಮುಂದೆ ಎಂ.ಬಿ.ಬಿ.ಎಸ್., ನಾಲ್ಕಕ್ಷರ.

ಅಪ್ಪ ಚೀಟಿಯ ಹಿಂಭಾಗ ತಿರುಗಿಸಿ ನೋಡಿದರು. ಅಲ್ಲೇನೂ ಇರಲಿಲ್ಲ.

"ಇಷ್ಟೇನಾ ಡಾಕ್ಟ್ರಮ್ಮಾ?"

"ಇಷ್ಟೇ."

"ಏನಾದ್ರೂ ತಜ್ಞರು, ಗಿಜ್ಞರು..."

"ಇಲ್ಲಪ್ಪ. ಸುಮ್ನೆ ಡಾಕ್ಟರ್."

ಹಲಗೆ ಕೊಟ್ಟದ್ದು ಪುರಸಭೆ. ಮುಚ್ಚಿಹೋದ ಸಿನಿಮಾ ಟಾಕೀಸಿನ ಬಾಗಿಲ ಮೇಲಿದ್ದ ಹಲಗೆ, ಎಂಟಡಿ ಉದ್ದ. ಅಪ್ಪ ರೂಢಿಯಂತೆ ಎಡತುದಿಯಿಂದ ಶುರು ಮಾಡಿ ಏಳಕ್ಷರಕ್ಕೂ ಗೆರೆ ಎಳೆದು ಹಿಂದೆ ಸರಿದು ನೋಡಿದರು. ಬಲಗಡೆ ಐದಡಿ ಖಾಲಿ.

"ಮಧ್ಯಕ್ಕೆ ಬರೀಬಹುದಿತ್ತು," ಎಂದೆ.

"ಅದನ್ನ ಮೊದಲೇ ಹೇಳ್ಬಾರ್ದಾ?"

ಮೊದಲೇ ಹೇಳಿದ್ದೆ. ನಾನು ಹೇಳುವುದು ಸಾಮಾನ್ಯವಾಗಿ ಎರಡನೇ ಸಲ ಕೇಳಿಸುತ್ತದೆ.

ಬಲಗಡೆ ಖಾಲಿ ಬಿಡುವುದು ಅಪ್ಪನ ಜಾಯಮಾನವಲ್ಲ. ಖಾಲಿ ಬಿಟ್ಟ ಬೋರ್ಡು ಒಂದೇ ಪಕ್ಕಕ್ಕೆ ಸಾಮಾನು ಹೇರಿದ ದೋಣಿ ಇದ್ದ ಹಾಗೆ, ನೋಡುವವನ ಕಣ್ಣು ಜಾರಿ ನೀರಿಗೆ ಬೀಳುತ್ತದೆ ಎನ್ನುತ್ತಾರೆ. ಆದ್ದರಿಂದ ಜಾಗ ಉಳಿದಾಗೆಲ್ಲ ತಾವೇ ಏನಾದರೂ ಸೇರಿಸಿ ಸಮ ಮಾಡುತ್ತಿದ್ದರು, ಅದೂ ಉಚಿತವಾಗಿ. ಕ್ಷೌರದ ಅಂಗಡಿಗೆ "ಹವಾನಿಯಂತ್ರಿತ" ಎಂದು ಸೇರಿಸಿದ್ದರು. ಸೈಕಲ್ ಅಂಗಡಿಗೆ "ನಮ್ಮ ಶಾಖೆಗಳು: ಎರಡು". ಯಾರೂ ತಕರಾರು ಮಾಡಿರಲಿಲ್ಲ. ತನ್ನ ಅಂಗಡಿಯ ಬೋರ್ಡನ್ನು ತಾನೇ ಓದಿದ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಸ್ಪತ್ರೆಗೆ ಹವಾನಿಯಂತ್ರಿತ ಎಂದರೆ ಜನ ಒಳಗೇ ಮಲಗುತ್ತಾರೆ. ಶಾಖೆ ಎಂದರೆ ಪುರಸಭೆ ಬೈಯುತ್ತದೆ. ಅಪ್ಪ ಗಡ್ಡ ಕೆರೆದುಕೊಂಡರು. ನಾಲ್ಕು ವರ್ಷದ ಹಿಂದೆ ನಗರದ ಹೃದಯದ ದೊಡ್ಡ ಡಾಕ್ಟರಿಗೆ ಬರೆದ ಬೋರ್ಡು ನೆನಪಾಯಿತು. ಕಣ್ಣು ಮುಚ್ಚಿ ನೆನೆದುಕೊಂಡು, ಕಣ್ಣು ಬಿಟ್ಟು ಎಳೆದರು: ಎಂ.ಡಿ., ಡಿ.ಎಂ., ಎಫ್.ಆರ್.ಸಿ.ಪಿ.

"ಹಾಗಂದ್ರೆ ಏನಪ್ಪಾ?"

"ಅರ್ಥ ನನಗೇನು ಗೊತ್ತು? ಆಕಾರ ಚೆನ್ನಾಗಿದೆ."

ಇನ್ನೂ ಎರಡಡಿ ಉಳಿಯಿತು. ಒಡವೆ ಅಂಗಡಿಯ ಕೆಲಸದಲ್ಲಿ ಮಿಕ್ಕಿದ್ದ ಚಿನ್ನದ ಬಣ್ಣ ಡಬ್ಬಿಯ ತಳದಲ್ಲಿ ಸ್ವಲ್ಪ ಇತ್ತು. ಒಣಗಿಹೋದರೆ ದಂಡ. ಆದ್ದರಿಂದ ಅಪ್ಪ ಕೊನೆಗೆ "ಚಿನ್ನದ ಪದಕ" ಎಂದು ಬರೆದರು. ನಾನು ತುಂಬಿದೆ. ಬೋರ್ಡು ಸಮವಾಯಿತು.

ಆಸ್ಪತ್ರೆಯ ಮುಂಬಾಗಿಲ ಮೇಲೆ ಅದನ್ನು ಏರಿಸಿದರು. ಡಾಕ್ಟರ ಕ್ವಾರ್ಟರ್ಸ್ ಆಸ್ಪತ್ರೆಯ ಬೆನ್ನಿಗೇ ಇದ್ದುದರಿಂದ ಅವರು ಬರುವುದು, ಹೋಗುವುದು ಹಿಂಬಾಗಿಲಿನಲ್ಲಿ. ಎಂದಾದರೂ ಮುಂದೆ ಬಂದರೆ ನಾಲ್ಕು ಜನ ನಾಲ್ಕು ಕಡೆಯಿಂದ ಮುತ್ತಿಕೊಂಡು ನಾಲಿಗೆ ಚಾಚುತ್ತಿದ್ದರು. ತಲೆಯೆತ್ತಿ ನೋಡುವ ಪುರುಸೊತ್ತು ಅವರಿಗಿರಲಿಲ್ಲ.

ನೋಡಬೇಕಾದವರೆಲ್ಲ ನೋಡಿದರು. ವಾರದೊಳಗೆ ಪಕ್ಕದ ಊರುಗಳಿಂದ ಜನ ಬಂದು ಟೋಕನ್ ಹಿಡಿದು ಕೂರತೊಡಗಿದರು. ಅಪ್ಪ ಮೆಟ್ಟಿಲ ಮೇಲೆ ನಿಂತು, ತಾವೇ ಆ ಡಾಕ್ಟರನ್ನು ಓದಿಸಿದವರಂತೆ ಸಾಲನ್ನು ನೋಡುತ್ತಿದ್ದರು.

ಮಾವನೂ ಹೋದರು. ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಎರಡು ವರ್ಷದ ಹಿಂದೆ ಅವರಿಗೆ ಎದೆಯಲ್ಲಿ ಉರಿ ಬಂದು, ನಗರದ ಅದೇ ಹೃದಯದ ಡಾಕ್ಟರ ಹತ್ತಿರ ಹನ್ನೊಂದು ಟೆಸ್ಟು ಮಾಡಿಸಿದ್ದರು. ಅದಕ್ಕಾಗಿ ಸ್ಕೂಟರ್ ಮಾರಿದರು. ಆ ಸ್ಕೂಟರ್ ಈಗ ಪೂರ್ತಿಯಾಗಿ ಒಂದು ನೀಲಿ ಫೈಲಿನ ಒಳಗಿದೆ. ಮಾವ ಅದನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಓಡಾಡುತ್ತಾರೆ. ಊರಲ್ಲಿ ಎಲ್ಲರೂ ಅವರನ್ನು ಫೈಲಪ್ಪ ಎನ್ನುತ್ತಾರೆ.

ಡಾಕ್ಟರ್ ಆ ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಇಪ್ಪತ್ತು ನಿಮಿಷ ಓದಿದರಂತೆ. ಓದಿ ಮುಚ್ಚಿ, "ಹೃದಯ ಚೆನ್ನಾಗಿದೆ. ಊಟ ಆದ ತಕ್ಷಣ ಮಲಗ್ತೀರಾ? ಮಲಗಬೇಡಿ," ಎಂದರಂತೆ.

"ಅಂದ್ರೆ ನನಗೆ ಏನೂ ಇಲ್ವಾ?"

"ಏನೂ ಇಲ್ಲ."

"ಸ್ಕೂಟರ್ ಮಾರಿದೀನಿ ಡಾಕ್ಟ್ರೇ!"

"ಒಳ್ಳೇದೇ ಆಯ್ತು. ನಡೀತಿದೀರಲ್ಲ."

ಮಾವ ನೇರ ನಮ್ಮ ಮನೆಗೆ ಬಂದು ಫೈಲನ್ನು ಮೇಜಿನ ಮೇಲೆ ಬಡಿದರು. "ಅಕ್ಕಾ, ಆಕೆ ಡಾಕ್ಟ್ರೇ ಅಲ್ಲ. ಒಂದು ಟೆಸ್ಟಿಲ್ಲ, ಒಂದು ಇಂಜೆಕ್ಷನ್ ಇಲ್ಲ. ನನ್ನ ಕಾಯಿಲೇನ ಬಾಯಿಮಾತಲ್ಲಿ ತೆಗೆದು ಹಾಕಿಬಿಟ್ಳು."

ಅಮ್ಮ ಉತ್ತರ ಕೊಡಲಿಲ್ಲ. ಕೊಡಲು ಉಸಿರಿರಲಿಲ್ಲ. ಮೂರು ವರ್ಷಗಳಿಂದ ಅಮ್ಮನಿಗೆ ಗೂರಲು. ನಾಲ್ಕು ಶಬ್ದ ಆಡಿದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ನಗರದಲ್ಲಿ ಎರಡು ಸಲ ತೋರಿಸಿದ್ದೆವು. ಮೊದಲ ಸಲ ಒಂದು ಡಬ್ಬಿ ಪುಡಿ ಕೊಟ್ಟರು, ಎರಡನೇ ಸಲ ದೊಡ್ಡ ಡಬ್ಬಿ ಪುಡಿ ಕೊಟ್ಟರು. ಮೂರನೇ ಸಲಕ್ಕೆ ಮಾರಲು ನಮ್ಮಲ್ಲಿ ಸ್ಕೂಟರ್ ಇರಲಿಲ್ಲ.

ಈ ಡಾಕ್ಟರ್ ಅಮ್ಮನ ಬೆನ್ನಿಗೆ ಕಿವಿಕೊಟ್ಟು ಕೇಳಿದವರು, ಸೀದಾ ಎದ್ದು ರಸ್ತೆ ದಾಟಿ ನಮ್ಮ ಅಡುಗೆಮನೆಗೆ ಬಂದು ಮೂಗೆಳೆದು ನೋಡಿದರು. ಒಲೆಯ ಪಕ್ಕ ಮೂರು ಬೋರ್ಡು ಒಣಗುತ್ತಿದ್ದವು.

"ಈ ವಾಸನೇಲಿ ಇವರು ದಿನಾ ಎಷ್ಟು ಹೊತ್ತು ಇರ್ತಾರೆ?"

"ಇಡೀ ದಿನ," ಎಂದೆ.

"ಇವತ್ತೇ ಇದನ್ನೆಲ್ಲ ಹೊರಗೆ ಹಾಕಿ," ಎಂದು ಅಪ್ಪನಿಗೆ ಹೇಳಿ, ಬಾಯಲ್ಲಿಟ್ಟು ಉಸಿರಿನ ಜೊತೆ ಎಳೆದುಕೊಳ್ಳುವ ಒಂದು ಪಂಪು ಬರೆದುಕೊಟ್ಟು ಹೋದರು.

ಅಪ್ಪ ಗೊಣಗುತ್ತ ಮನೆಯ ಪಕ್ಕದಲ್ಲಿ ತಗಡಿನ ಶೆಡ್ ಹಾಕಿ ತಮ್ಮ ಸಾಮಾನು ಅಲ್ಲಿಗೆ ಸಾಗಿಸಿದರು. ಹದಿನೈದು ದಿನಕ್ಕೆ ಅಮ್ಮ ಒಂದು ವಾಕ್ಯವನ್ನು ಪೂರ್ತಿ ಹೇಳಿದರು. ಎರಡು ತಿಂಗಳಿಗೆ, ಮೂರು ವರ್ಷಗಳಿಂದ ಒಳಗೇ ಉಳಿದಿದ್ದ ಬೈಗುಳಗಳನ್ನು ವರ್ಷವಾರು ಹೊರಗೆ ತೆಗೆಯತೊಡಗಿದರು. ಇದರಿಂದ ಅಪ್ಪನ ನೆಮ್ಮದಿಗೆ ಆದ ನಷ್ಟ ಸಣ್ಣದಲ್ಲ.

ಹೀಗೆ ಆರು ತಿಂಗಳು ಕಳೆಯಿತು. ವಾಸಿಯಾದವರು ಹೆಚ್ಚಿದಷ್ಟೂ ಅನುಮಾನವೂ ಹೆಚ್ಚಿತು. ಒಂದು ಸಂಜೆ ಮೆಟ್ಟಿಲ ಮೇಲೆ ಸಭೆ ಸೇರಿತು.

"ಅಷ್ಟುದ್ದ ಡಿಗ್ರಿ, ಬರೆಯೋದು ಎರಡು ಮಾತ್ರೆ," ಎಂದರು ಔಷಧಿ ಅಂಗಡಿಯವರು. "ನಾನು ಅಂಗಡೀಲಿ ನೊಣ ಹೊಡೀತಾ ಕೂತಿದೀನಿ. ನೊಣಗಳಿಗೂ ಬೇಜಾರಾಗಿದೆ."

"ಟೊಮೇಟೊಗೆ ಚೌಕಾಸಿ ಮಾಡ್ತಾಳೆ," ಎಂದಿತು ಅಜ್ಜಿ. "ನಾನೇ ಹಿಂದೆ ಹೋಗಿ ನೋಡಿದೀನಿ. ಚಪ್ಪಲಿಗೆ ಎರಡು ಸಲ ಹೊಲಿಗೆ ಹಾಕ್ಸಿದಾಳೆ. ಚಿನ್ನದ ಪದಕ ಇರೋರು ಚಪ್ಪಲಿ ಹೊಲಿಸ್ತಾರೇನಪ್ಪ?"

"ಎಫ್.ಆರ್.ಸಿ.ಪಿ. ಅಂದ್ರೆ ಆಟ ಅಲ್ಲ," ಎಂದರು ಮಾವ. "ಅಂಥೋರು ನಗರದಲ್ಲಿ ಬಾಗಿಲು ತೆಗೆಯೋಕೇ ಕಾಸು ತಗೋತಾರೆ. ಇಲ್ಯಾಕೆ ಬಂದು ಬಿಟ್ಟಿ ನೋಡ್ತಾರೆ? ಭಾವ, ನೀವೇ ಹೇಳಿ."

ಅಪ್ಪ ಆಕಾಶ ನೋಡಿದರು. ಎಲ್ಲರೂ ಹೋದ ಮೇಲೆ ನಾನು ಹತ್ತಿರ ಹೋಗಿ, "ಅಪ್ಪಾ, ಆ ಡಿಗ್ರಿ ಹಾಕಿದ್ದು ನಾವಲ್ವಾ?" ಎಂದೆ. ಎರಡು ಸಲ ಎಂದೆ.

"ಹೌದು, ನಾವು ಹಾಕಿದ್ವಿ," ಎಂದರು ಅಪ್ಪ. ಅವರ ಮುಖದಲ್ಲಿ ಪತ್ತೇದಾರನ ಕಳೆ ಬಂತು. "ಆದ್ರೆ ಆಕೆ ಯಾಕೆ ಸುಮ್ನಿದಾಳೆ? ನಿಜವಾದ ಡಾಕ್ಟರ್ ಆಗಿದ್ರೆ ಮಾರನೇ ದಿನಾನೇ ಬಂದು, ಇದೆಲ್ಲ ನಂದಲ್ಲ, ಅಳಿಸ್ರೀ ಅಂತಿದ್ರು. ಆರು ತಿಂಗಳು ಬಾಯಿ ಬಿಟ್ಟಿಲ್ಲ. ಏನರ್ಥ? ಇಷ್ಟು ದಿನ ನನಗೇ ಹೊಳೀಲಿಲ್ಲ ನೋಡು!"

ತನ್ನ ಕೈಯಿಂದ ಆದ ಸುಳ್ಳನ್ನೇ ಸಾಕ್ಷಿಗೆ ಕರೆದ ಮನುಷ್ಯನನ್ನು ನಾನು ಮೊದಲ ಸಲ ನೋಡಿದೆ.

ಅಪ್ಪ ಅವತ್ತೇ ಶೆಡ್ಡಿನಲ್ಲಿ ಕೂತು ಆರೋಗ್ಯ ಇಲಾಖೆಗೆ ಒಂದು ಮೂಗರ್ಜಿ ಬರೆದರು. ಬರೆದವರು ಯಾರೆಂದು ತಿಳಿಯಬಾರದು ಎಂಬುದು ಮೂಗರ್ಜಿಯ ಮುಖ್ಯ ಲಕ್ಷಣ. ಅಪ್ಪ ಬಾಲ್‌ಪೆನ್ನಿನಿಂದ ಶುರು ಮಾಡಿದರು. ಮೂವತ್ತು ವರ್ಷ ಬ್ರಷ್ ಹಿಡಿದ ಕೈ ಪೆನ್ನಿಗೆ ಬಗ್ಗಲಿಲ್ಲ. ಎರಡನೇ ನಂಬರಿನ ಬ್ರಷ್ ತೆಗೆದುಕೊಂಡರು. ಅಕ್ಷರಗಳು ಮೊದಲು ಚಪ್ಪಟೆಯಾಗಿ ಕಂಡವು. ಆದ್ದರಿಂದ ಪ್ರತಿಯೊಂದಕ್ಕೂ ಕೆಳಗಡೆ ಬೂದುಬಣ್ಣದ ನೆರಳು ಹಾಕಿದರು. ಕೊನೆಗೆ "ಇಂತಿ, ಹೆಸರು ಹೇಳಲಾರದ ನಾಗರಿಕ" ಎಂದು ಬರೆದಾಗ ಹಾಳೆಯ ಬಲಗಡೆ ಮೂಲೆಯಲ್ಲಿ ಜಾಗ ಉಳಿಯಿತು. ಅಲ್ಲೊಂದು ಹೂವು ಬಿಡಿಸಿ ನನ್ನ ಕೈಗೆ ಬ್ರಷ್ ಕೊಟ್ಟರು. ನಾನು ತುಂಬಿದೆ.

ಅಮ್ಮನಿಗೆ ಹೇಳಬೇಡ ಎಂದರು. ನಾನು ಯಾರಿಗೂ ಏನೂ ಹೇಳುವವಳಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು.

ಇಪ್ಪತ್ತು ದಿನಕ್ಕೆ ಆಸ್ಪತ್ರೆಯ ಮುಂದೆ ಜೀಪು ಬಂದು ನಿಂತಿತು. ಬೆಳಗಿನ ಹೊತ್ತು, ನಲವತ್ತು ಜನ ಸಾಲಿನಲ್ಲಿದ್ದರು. ಪಂಪು ಮುಗಿದಿದ್ದರಿಂದ ಅಮ್ಮನೂ ಇದ್ದರು, ನಾನು ಜೊತೆಗಿದ್ದೆ. ಜೀಪಿನಿಂದ ಇಳಿದ ಅಧಿಕಾರಿ ನಮ್ಮೂರಿನವರನ್ನೆಲ್ಲ ಒಟ್ಟು ಹಾಕಿದರೂ ತೂಗದಷ್ಟು ಅನುಮಾನದ ಮನುಷ್ಯ. ಕಾಂಪೌಂಡರ್ ನೀರು ಕೊಟ್ಟರೆ, "ಮೊದಲು ನೀವು ಕುಡೀರಿ," ಎಂದರು.

ಬೋರ್ಡನ್ನು ಎರಡು ಸಲ ಓದಿ ಡಾಕ್ಟರನ್ನು ಹೊರಗೆ ಕರೆಸಿದರು.

"ಇದನ್ನ ಓದಿ."

ಡಾಕ್ಟರ್ ಆರು ತಿಂಗಳಲ್ಲಿ ಮೊದಲ ಸಲ ತಲೆಯೆತ್ತಿ, ಬಲಗಡೆಯ ಚಿನ್ನದಿಂದ ಎಡಗಡೆಗೆ ನಿಧಾನವಾಗಿ ಕಣ್ಣು ಹಾಯಿಸಿದರು.

"ಯಾರಿವರು?" ಎಂದರು.

ಆಮೇಲೆ ಎಡತುದಿಯ ಮೂರಕ್ಷರ ಓದಿ, ಸ್ಟೆತಸ್ಕೋಪನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾಟಕ ಬೇಡ," ಎಂದು ಅಧಿಕಾರಿ ಚೀಲದಿಂದ ದೊಡ್ಡ ರಿಜಿಸ್ಟರ್ ತೆಗೆದರು. "ನನ್ನ ರಿಜಿಸ್ಟರಿನಲ್ಲಿ ಈ ಆಸ್ಪತ್ರೆಯ ಡಾಕ್ಟರ್ ಹುದ್ದೆ ಖಾಲಿ. ಇಪ್ಪತ್ತು ತಿಂಗಳಿಂದ ಖಾಲಿ. ಅಂದ್ರೆ ನೀವು ಇಲ್ಲ."

"ನಾನು ಇದೀನಲ್ಲ ಸಾರ್."

"ಅದೇ ನಿಮ್ಮ ಮೇಲಿರೋ ಆಪಾದನೆ."

"ಆದೇಶ ಇದೆ ಸಾರ್. ಒಳಗಿದೆ, ತೋರಿಸ್ತೀನಿ."

"ಸಂಬಳ ಬಂದಿದೆಯಾ?"

"ಆರು ತಿಂಗಳಿಂದ ಒಂದು ಸಲಾನೂ ಬಂದಿಲ್ಲ. ಹತ್ತು ಪತ್ರ ಬರೆದಿದೀನಿ."

"ನೋಡಿದ್ರಾ!" ಅಧಿಕಾರಿ ಸಾಲಿನ ಕಡೆ ತಿರುಗಿದರು. "ಸಂಬಳ ಇಲ್ಲದೆ ಆರು ತಿಂಗಳು ಯಾರಾದ್ರೂ ಕೆಲಸ ಮಾಡ್ತಾರಾ? ನಿಜವಾದ ಡಾಕ್ಟರ್ ಆಗಿದ್ರೆ ಎರಡನೇ ತಿಂಗಳಿಗೇ ಓಡಿ ಹೋಗಿರ್ತಿದ್ರು. ಕಾಂಪೌಂಡರ್, ಬೀಗ ತನ್ನಿ. ಮುಂದಿನ ಆದೇಶದವರೆಗೆ ಈಕೆ ಯಾರನ್ನೂ ಮುಟ್ಟೋ ಹಾಗಿಲ್ಲ."

ಸಾಲು ತಲೆಯಾಡಿಸಲು ಹೊರಟು ಅರ್ಧಕ್ಕೆ ನಿಂತಿತು. ಅಜ್ಜಿ ಡಾಕ್ಟರ ಕಾಲಿನ ಕಡೆ ನೋಡಿ ಮೆಲ್ಲಗೆ, "ಅದಕ್ಕೇನಾ ಚಪ್ಪಲಿ..." ಎಂದಿತು.

ಅಧಿಕಾರಿ ಚೀಲದಿಂದ ಇನ್ನೊಂದು ಕಾಗದ ಬಿಡಿಸಿದರು. ಬಿಸಿಲಿಗೆ ಅದರ ಅಕ್ಷರಗಳ ನೆರಳುಗಳೆಲ್ಲ ಎದ್ದು ಕಂಡವು. ಅದನ್ನು ಎತ್ತಿ ಬೋರ್ಡಿನ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಎದುರಿನ ಕ್ಷೌರದ ಅಂಗಡಿಯ ಬೋರ್ಡಿನ ಕಡೆ ಹಿಡಿದರು. ಆಮೇಲೆ ಹಾಲಿನ ಅಂಗಡಿಯ ಕಡೆ.

"ಈ ಊರಲ್ಲಿ ಬೋರ್ಡು ಬರೆಯೋರು ಯಾರು?"

ನಲವತ್ತು ತಲೆಗಳು ಒಟ್ಟಿಗೆ ನಮ್ಮ ಶೆಡ್ಡಿನ ಕಡೆ ತಿರುಗಿದವು. ಅಲ್ಲಿ ಅಪ್ಪ ಇರಲಿಲ್ಲ. ದಿನಸಿ ಅಂಗಡಿಯ ಒದ್ದೆ ಬೋರ್ಡೊಂದು ನಿಂತಿತ್ತು, "ಪ್ರಾಮಾಣಿಕ ವ್ಯಾಪಾರ" ಎಂದು. ಅದರ ಕೆಳಗೆ ಅಪ್ಪನ ಎರಡು ಪಾದಗಳು ಕಾಣುತ್ತಿದ್ದವು.

ಕಾಂಪೌಂಡರ್ ಹೋಗಿ ಕರೆತಂದರು. ಹೊರಗೆ ಬರುವಾಗ ಎಡವಿ ಒದ್ದೆ ಬೋರ್ಡಿನ ಮುಂಭಾಗಕ್ಕೆ ಒರಗಿದ್ದರಿಂದ ಅಪ್ಪನ ಅಂಗಿಯ ಮೇಲೆ "ಪ್ರಾಮಾಣಿಕ" ತಿರುಗುಮುರುಗಾಗಿ ಮೂಡಿತ್ತು.

"ಮೂಗರ್ಜಿ ನೀವಾ ಬರೆದದ್ದು?" ಎಂದು ಕೇಳಿದವರು ಅಧಿಕಾರಿಯಲ್ಲ, ಅಮ್ಮ. ಅಪ್ಪ ನನ್ನ ಕಡೆ ನೋಡಿದರು. ಅಮ್ಮ ಶುರು ಮಾಡಿದರು. "ಮೂರು ವರ್ಷ ನಾನು ಗೋಡೆ ಹಿಡ್ಕೊಂಡು ನಡೆದೆ, ನಿಮ್ಮ ಬಣ್ಣದ ವಾಸನೆ ಕುಡಿದು ಕುಡಿದು, ಆ ಹುಡುಗಿ ಬಂದು ಮೂಗಲ್ಲಿ ಕಂಡುಹಿಡಿದು ನನ್ನ ಉಸಿರು ವಾಪಸ್ ಕೊಟ್ಳು, ಆಕೆ ಮೇಲೆ ಅರ್ಜಿ ಬರೀತೀರಾ, ಅದೂ ಹೂವು ಬಿಡಿಸಿ..." ಅಮ್ಮ ನಾಲ್ಕು ನಿಮಿಷ ಮಾತಾಡಿದರು. ಗೋಡೆ ಹಿಡಿಯಲಿಲ್ಲ, ಕೆಮ್ಮಲಿಲ್ಲ. ಡಾಕ್ಟರ್ ಅಂಥ ಹೊತ್ತಿನಲ್ಲೂ ಕೈಗಡಿಯಾರ ನೋಡಿಕೊಂಡು ಸಮಾಧಾನದಿಂದ ತಲೆಯಾಡಿಸಿದರು.

"ಸಾರ್," ಎಂದರು ಅಪ್ಪ, ಅಮ್ಮನಿಗಿಂತ ಅಧಿಕಾರಿಯೇ ವಾಸಿ ಎಂಬಂತೆ. "ಡಾಕ್ಟ್ರಮ್ಮ ಹೇಳಿದ್ದು ಏಳಕ್ಷರ ಮಾತ್ರ. ಬಲಗಡೆ ಐದಡಿ ಉಳಿದಿತ್ತು."

"ಜಾಗ ಉಳೀತು ಅಂತ ಎಫ್.ಆರ್.ಸಿ.ಪಿ. ಕೊಟ್ರಾ? ಅದಕ್ಕೆ ಜನ ವರ್ಷಗಟ್ಟಲೆ ಓದ್ತಾರೆ ಕಣ್ರೀ!"

"ನನಗೆ ಒಂದು ಬೆಳಗ್ಗೆ ಹಿಡೀತು ಸಾರ್."

"ಎಷ್ಟು ಕೊಟ್ಟಳು ಆಕೆ?"

"ಏಳಕ್ಷರದ ಕೂಲಿ. ಉಳಿದದ್ದು ಉಚಿತ."

"ಪೇಂಟರ್ ಉಚಿತವಾಗಿ ಬರೆಯೋದಾ? ಯಾರಿಗೆ ಹೇಳ್ತೀರಿ ಕಥೆ?"

"ಬರೀತಾರೆ ಸಾರ್!" ಸಾಲಿನ ನಡುವಿನಿಂದ ಉಳುಕಿದ ಕೈಯನ್ನು ಎತ್ತಿ ಹಿಡಿದುಕೊಂಡು ಸೈಕಲ್ ಅಂಗಡಿಯವರು ನುಗ್ಗಿ ಬಂದರು. ಅವರು ಈಗತಾನೆ ತಿರುಗಿ ತಮ್ಮ ಅಂಗಡಿಯ ಬೋರ್ಡನ್ನು ಓದಿದ್ದರು. "ಮೂರು ವರ್ಷದಿಂದ ತೆರಿಗೆಯೋರು ಬಂದು ನಿಮ್ಮ ಇನ್ನೊಂದು ಅಂಗಡಿ ಎಲ್ಲಿ, ಎಲ್ಲಿ ಬಚ್ಚಿಟ್ಟಿದೀರಿ ಅಂತ ಪ್ರಾಣ ತಿಂತಿದಾರೆ. ಈ ಮಹಾನುಭಾವನ ಕೆಲಸವಾ ಇದು!"

ಅಧಿಕಾರಿ ನನ್ನ ಕಡೆ ಬೆರಳು ತೋರಿಸಿದರು. "ನೀನ್ಯಾರಮ್ಮ? ನಿನ್ನ ಕೈಯಲ್ಲೂ ಬಣ್ಣ ಇದೆ."

"ನಾನು ತುಂಬೋಳು," ಎಂದೆ.

"ಜೋರಾಗಿ ಹೇಳು. ಏನು ತುಂಬೋಳು?"

"ಅಕ್ಷರ. ಚೀಟೀಲಿ ಡಾಕ್ಟ್ರಮ್ಮ ಬರೆದುಕೊಟ್ಟದ್ದು ಎಂ.ಬಿ.ಬಿ.ಎಸ್. ಅಷ್ಟೇ. ಚೀಟಿ ಇನ್ನೂ ಇದೆ, ಬ್ರಷ್ ಒರೆಸೋಕೆ ಇಟ್ಕೊಂಡಿದೀನಿ."

"ಮತ್ತೆ ಚಿನ್ನದ ಪದಕ?"

"ಚಿನ್ನದ ಬಣ್ಣ ಒಂದು ಚೂರು ಉಳಿದಿತ್ತು."

ನಾನು ಹೊರಗಿನವರ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. ಎಲ್ಲರೂ ಮೊದಲ ಸಲಕ್ಕೇ ಕೇಳಿಸಿಕೊಂಡರು. ಅಧಿಕಾರಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದರು.

"ಸರಿ. ಈ ದೊಡ್ಡ ಡಿಗ್ರಿಗಳು ನಿಮಗೆ ಎಲ್ಲಿ ಸಿಕ್ಕಿದ್ವು?" ಎಂದು ಅಪ್ಪನನ್ನು ಕೇಳಿದರು.

"ನಗರದಲ್ಲಿ ಹೃದಯದ ಡಾಕ್ಟರ್ ಇದಾರಲ್ಲ ಸಾರ್, ದೊಡ್ಡೋರು, ಅವರ ಬೋರ್ಡೂ ನಾನೇ ಬರೆದದ್ದು. ಅಲ್ಲಿಂದ ತಗೊಂಡೆ."

ಅಧಿಕಾರಿಯ ಮುಖ ಮೊದಲ ಸಲ ಸಡಿಲವಾಯಿತು. "ಅವರಾ! ನಾನು ತೋರಿಸ್ಕೊಳ್ಳೋದೂ ಅವರ ಹತ್ತಿರಾನೇ. ಅದು ನೋಡಿ ಡಿಗ್ರಿ ಅಂದ್ರೆ. ಅಂಥೋರ ಡಿಗ್ರೀನ ತಂದು..." ಅಷ್ಟು ಹೇಳಿ ಅಪ್ಪನ ಮುಖ ನೋಡಿ ನಿಲ್ಲಿಸಿದರು. ಅಪ್ಪ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದರು.

"ಏನ್ರೀ?"

"ಏನಿಲ್ಲ ಸಾರ್."

"ಏನಿಲ್ಲ ಅಂದ್ರೆ?"

"ಅಲ್ಲೂ ಬಲಗಡೆ ಸ್ವಲ್ಪ ಜಾಗ ಉಳಿದಿತ್ತು ಸಾರ್."

ಯಾರೂ ಉಸಿರಾಡಲಿಲ್ಲ, ಅಮ್ಮನನ್ನು ಬಿಟ್ಟು.

"ಯಾವುದು ನಿಮ್ಮದು, ಯಾವುದು ಅವರದು?" ಅಧಿಕಾರಿಯ ದನಿ ಇಳಿದಿತ್ತು.

"ನಾಲ್ಕು ವರ್ಷ ಆಯ್ತಲ್ಲ ಸಾರ್. ಈಗ ನೆನಪಾಗ್ತಿಲ್ಲ."

ಮಾವ ನೀಲಿ ಫೈಲನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟರು. ಅಧಿಕಾರಿಯ ಎಡಗೈ ತಾನಾಗಿ ಎದೆಯ ಮೇಲೆ ಹೋಯಿತು. ಹಣೆಯಲ್ಲಿ ಬೆವರು. ಕಾಂಪೌಂಡರ್ ಕೊಟ್ಟ ನೀರನ್ನು ಈ ಸಲ ಪರೀಕ್ಷೆ ಮಾಡದೆ ಕುಡಿದರು.

"ಒಳಗೆ ಬಂದು ಕೂತ್ಕೊಳ್ಳಿ ಸಾರ್," ಎಂದರು ಡಾಕ್ಟರ್. "ಬಿ.ಪಿ. ನೋಡ್ತೀನಿ."

"ನೀವು ಯಾರನ್ನೂ ಮುಟ್ಟೋ ಹಾಗಿಲ್ಲ ಅಂತ ಈಗಷ್ಟೇ..."

"ಪಟ್ಟಿ ಮುಟ್ಟುತ್ತೆ ಸಾರ್. ನಾನು ಮುಟ್ಟಲ್ಲ."

ಅಧಿಕಾರಿ ಕೂತರು. ಕಿಟಕಿಗಳ ತುಂಬ ತಲೆಗಳು ತುಂಬಿಕೊಂಡವು. ಡಾಕ್ಟರ್ ಒಂದು ಕಾಗದವನ್ನು ಅವರ ಮುಂದಿಟ್ಟು, ಬಲತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದರು. ಅದು ನೇಮಕದ ಆದೇಶ. ಅಧಿಕಾರಿ ಕೆಳಗಿನ ಸಹಿಯನ್ನು ನೋಡಿದರು. ಹತ್ತಿರ ತಂದು ನೋಡಿದರು.

"ಇದು ನನ್ನ ಸಹಿ."

"ಹೌದು ಸಾರ್."

"ನನ್ನ ಸಹಿ ಇಷ್ಟು ಚೆನ್ನಾಗಿ ಯಾರೋ ಅಭ್ಯಾಸ ಮಾಡಿದಾರೆ," ಎಂದು ಅವರು ಎಡಗೈಯಲ್ಲಿ ಫೋನ್ ತೆಗೆದು ಕಚೇರಿಯ ಗುಮಾಸ್ತರಿಗೆ ಮಾಡಿದರು. ಫೋನು ಹಳೆಯದು, ಆ ಕಡೆಯ ದನಿ ನಮಗೂ ಕೇಳಿಸುತ್ತಿತ್ತು.

"ಆ ಆಸ್ಪತ್ರೆ ಡಾಕ್ಟರ್ ನೇಮಕದ ಫೈಲಾ ಸಾರ್? ಆಗಿದೆಯಲ್ಲ. ಸಂಬಳದ ವಿಭಾಗಕ್ಕೆ ಕಳಿಸ್ಬೇಕು, ಇನ್ನೂ ಹೋಗಿಲ್ಲ."

"ಯಾಕೆ ಹೋಗಿಲ್ಲ? ಯಾರ ಮೇಜಿನ ಮೇಲಿದೆ? ಹೆಸರು ಹೇಳ್ರೀ, ಈಗ್ಲೇ ಸಸ್ಪೆಂಡ್ ಮಾಡ್ತೀನಿ!"

"ನಿಮ್ಮ ಮೇಜಿನ ಮೇಲೇ ಸಾರ್. ಆರು ತಿಂಗಳಿಂದ ಅದರ ಮೇಲೇ ಟೀ ಲೋಟ ಇಡ್ತಿದೀರಿ."

"ಸ್ವಲ್ಪ ಹೊತ್ತು ಮಾತಾಡಬೇಡಿ ಸಾರ್," ಎಂದರು ಡಾಕ್ಟರ್. "ಮುಳ್ಳು ಮೇಲೆ ಹೋಗ್ತಿದೆ."

ಅಧಿಕಾರಿ ಫೋನ್ ಕೆಳಗಿಟ್ಟರು. ಆಮೇಲೆ ಜೇಬಿನಿಂದ ಏಳು ಬಗೆಯ ಮಾತ್ರೆ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಡಾಕ್ಟರ್ ಒಂದೊಂದನ್ನೇ ಓದಿ, ಎರಡನ್ನು ಪಕ್ಕಕ್ಕೆ ಇಟ್ಟರು. "ಇವೆರಡೂ ಒಂದೇ ಔಷಧಿ. ಕಂಪನಿ ಬೇರೆ, ಬೆಲೆ ಬೇರೆ. ಒಂದು ಸಾಕು."

"ಒಂದು ಟೆಸ್ಟಾದ್ರೂ ಬರೀರಿ," ಎಂದರು ಅಧಿಕಾರಿ, ಮಕ್ಕಳು ಕೇಳುವ ದನಿಯಲ್ಲಿ. "ನಂಬಿಕೆ ಬರೋದಕ್ಕೆ."

ಬೀಗ ಹಾಕಲಿಲ್ಲ. ಅಪ್ಪ ಅವತ್ತೇ ಏಣಿ ಹತ್ತಿ ಐದಡಿಯನ್ನೂ ಬಿಳಿ ಮಾಡಿದರು. ಕೆಳಗೆ ಏಣಿ ಹಿಡಿದವರು ಅಮ್ಮ. ಅಷ್ಟು ಹೊತ್ತೂ ಮಾತಾಡುತ್ತಲೇ ಹಿಡಿದಿದ್ದರು.

ಮುಂದಿನ ತಿಂಗಳು ಡಾಕ್ಟರಿಗೆ ಹಿಂದಿನ ಸಂಬಳವೆಲ್ಲ ಒಂದೇ ಸಲಕ್ಕೆ ಬಂತು. ಆಗ ಊರಿಗೆ ಇದುವರೆಗಿನ ಎಲ್ಲಕ್ಕಿಂತ ದೊಡ್ಡ ಅನುಮಾನ ಬಂತು. ಇಷ್ಟು ದಿನ ಬಸ್ ಚಾರ್ಜಿಗೆ ಕಾಸಿಲ್ಲದೆ ಉಳಿದಿದ್ದರೇನೋ. ಈಗ ಕಾಸು ಬಂದಿದೆ.

"ಹೋಗ್ತಾಳೆ," ಎಂದರು ಮಾವ. ಅವರು ಈಗ ಊಟ ಮಾಡಿ ಎರಡು ಗಂಟೆ ಎದ್ದು ಕೂರುತ್ತಾರೆ, ಎದೆ ಉರಿ ಇಲ್ಲ. "ನಾನಾಗಿದ್ರೆ ಹೋಗ್ತಿದ್ದೆ."

ಅವರು ಹೇಳಿ ಬಾಯಿ ಮುಚ್ಚುವುದರೊಳಗೆ, ಶನಿವಾರ ಮಧ್ಯಾಹ್ನ ಡಾಕ್ಟರ್ ಸೂಟ್‌ಕೇಸ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕಾಣಿಸಿಕೊಂಡರು. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ಅಲ್ಲಿತ್ತು. ಬಟ್ಟೆ ಹೊಲಿಯುವವನು ಕತ್ತರಿ ಸಮೇತ ಬಂದಿದ್ದ. ಅಮ್ಮ ಒಲೆ ಆರಿಸದೆ ಓಡಿ ಬಂದಿದ್ದರು, ಓಡಿ.

"ಎಲ್ಲಿಗಮ್ಮಾ?" ಎಂದರು ಅಮ್ಮ.

"ಊರಿಗೆ. ಅಮ್ಮನ್ನ ನೋಡಿ ಒಂಬತ್ತು ತಿಂಗಳಾಯ್ತು. ಮಂಗಳವಾರ ಬಂದುಬಿಡ್ತೀನಿ."

"ಬರ್ತೀರಲ್ವಾ?" ಎಂದರು ಔಷಧಿ ಅಂಗಡಿಯವರು. ಎರಡೇ ಮಾತ್ರೆ ಬರೆದರೂ ಬರೆಯುವವರು ಒಬ್ಬರು ಇರಬೇಕು ಎಂಬುದು ಅವರಿಗೆ ಅರ್ಥವಾದಂತಿತ್ತು.

"ಬರ್ತೀನಿ ಅಂದ್ನಲ್ಲ."

ಒಬ್ಬರೂ ನಂಬಲಿಲ್ಲ. ಬಸ್ಸು ಬಂತು. ಡಾಕ್ಟರ್ ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಇನ್ನೇನು ಹೊರಡಬೇಕು, ಮೂಲೆಮನೆ ಅಜ್ಜಿ ಕೈಚೀಲ ಹಿಡಿದು, "ತಡಿಯಪ್ಪಾ ತಡಿ," ಎನ್ನುತ್ತ ಹತ್ತಿ, ಡಾಕ್ಟರ ಪಕ್ಕದ ಸೀಟಿನಲ್ಲಿ ಗಟ್ಟಿಯಾಗಿ ಕೂತಿತು.

"ಅಜ್ಜೀ, ನೀವೆಲ್ಲಿಗೆ?"

"ನನಗೂ ಆ ಕಡೆ ಸ್ವಲ್ಪ ಕೆಲಸ ಇದೆ."

ಅಜ್ಜಿಗೆ ಆ ಕಡೆ ಯಾರೂ ಇಲ್ಲ. ಅಜ್ಜಿ ಈ ಊರು ಬಿಟ್ಟು ಹೊರಗೆ ಹೋದದ್ದನ್ನು ಕಂಡವರೂ ಇಲ್ಲ.

ಮಂಗಳವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಆಸ್ಪತ್ರೆಗಿಂತ ದೊಡ್ಡ ಸಾಲಿತ್ತು. ಮೊದಲನೇ ಬಸ್ಸು ಖಾಲಿ. ಎರಡನೇ ಬಸ್ಸಿನಿಂದ ಅಜ್ಜಿ ಒಂದೇ ಇಳಿಯಿತು. ಸಾಲಿನಲ್ಲಿ ಯಾರೋ ಅಳುವ ದನಿ ತೆಗೆದರು. ಅಜ್ಜಿ ತಿರುಗಿ ಬಸ್ಸಿನ ಒಳಗೆ ಕೈಚಾಚಿ, ಇನ್ನೊಬ್ಬ ಮುದುಕಿಯನ್ನು ಜೋಪಾನವಾಗಿ ಇಳಿಸಿಕೊಂಡಿತು. ಅವರ ಹಿಂದೆ ಒಂದು ಟ್ರಂಕು, ಇನ್ನೊಂದು ಟ್ರಂಕು, ಸುತ್ತಿದ ಹಾಸಿಗೆ, ಕೊನೆಗೆ ಹಾಸಿಗೆಯನ್ನು ಹಿಡಿದುಕೊಂಡು ಡಾಕ್ಟರ್.

"ತಾಯಿ," ಎಂದು ಅಜ್ಜಿ ಎಲ್ಲರಿಗೂ ಪರಿಚಯ ಮಾಡಿಸಿತು. ಆಮೇಲೆ ಅಮ್ಮನನ್ನು ಪಕ್ಕಕ್ಕೆ ಎಳೆದು, ನಿಂತಿದ್ದ ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿತು: "ಬಾ ಅಂತ ನಾನೇ ಎರಡು ದಿನ ಹೇಳಿ ಹೇಳಿ ಒಪ್ಪಿಸಿದೆ. ಮಗಳೊಬ್ಬಳೇ ಆದ್ರೆ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ತಾಯೀನ ಹತ್ತಿಸಿ ಇಳಿಸೋದು ಕಷ್ಟ. ಮೊಣಕಾಲು ನೋವು."